ಹಂದಿ ಜ್ವರ ಬಂದಾಗ ಎಂಜಲು ಬೆರಳು ಬಿಟ್ಟ ಕಥೆ

2009ರಲ್ಲಿ ನಾನು ಬೆಂಗಳೂರಿನ ಒಂದು ಬ್ಯಾಂಕಲ್ಲಿ ಕ್ಯಾಶ್ ಕೌಂಟರ್‌ನಲ್ಲಿ ಕೂರ್ತಿದ್ದೆ. ಜೂನ್ 11ಕ್ಕೇ ಡಬ್ಲ್ಯುಎಚ್‌ಒದವರು ಎಚ್1ಎನ್1ನ, ಅದೇ ಹಂದಿ ಜ್ವರಾನ, ಜಾಗತಿಕ ಪಿಡುಗು ಅಂದಿದ್ರೂ ನಮಗದು ಬರೀ ಪೇಪರ್ ಸುದ್ದಿ, ಆಗಸ್ಟ್ 3ಕ್ಕೆ ಪುಣೆಲಿ ಸ್ಕೂಲ್ ಹುಡುಗಿ ತೀರ್ಕೊಂಡ್ಳಲ್ಲ, ದೇಶದ ಮೊದಲನೇ ಸಾವು, ಅದಾದ್ಮೇಲೆ ಯಾರಾದ್ರೂ ಒಂದು ಸೀನು ಸೀನಿದ್ರೆ ಸಾಕು ಇಡೀ ಕ್ಯೂ ಹಿಂದಕ್ಕೆ ಜರಗೋದು.

ಎಲ್ರೂ ಮಾಸ್ಕ್ ಹಿಂದೆ ಬಿದ್ರು. ನಾನೂ ಕೇಳಿದಷ್ಟು ಕೊಟ್ಟು ಒಂದು ಎನ್95 ತಂದೆ. ಹಾಕ್ಕೊಂಡ್ರೆ ಗಾಜಿನಾಚೆ ಇರೋರಿಗೆ ನನ್ನ ಮಾತೇ ಕೇಳಲ್ಲ, ಗಲ್ಲಕ್ಕೆ ಇಳಿಸ್ಕೊಂಡು ಮಾತಾಡೋದು, ಆಮೇಲೆ ಅದೇ ನೋಟು ಎಣಿಸಿದ ಕೈಲಿ ಮೇಲಕ್ಕೆ ಎಳ್ಕೊಳ್ಳೋದು, ಏನ್ ಬಂತು? ನಮ್ಮ ಸಹೋದ್ಯೋಗಿ ಒಬ್ರು ಕರ್ಪೂರ ಏಲಕ್ಕಿ ಕುಟ್ಟಿ ಗಂಟು ಕಟ್ಕೊಂಡು ಮೂಸ್ತಾ ಇರೋರು. ವಾಸನೆ ಚೆನ್ನಾಗಿತ್ತು, ಅಷ್ಟೇ.

ಒಂದಿನ ನಮ್ಮ ಮನೆಯವ್ರು ಚಲನ್ ಕಟ್ಟೋಕೆ ಬಂದು ಕ್ಯೂನಲ್ಲಿ ನಿಂತು ನನ್ನೇ ನೋಡ್ತಿದ್ರಂತೆ. ರಾತ್ರಿ ಊಟಕ್ಕೆ ಕೂತಾಗ ಶುರು ಮಾಡಿದ್ರು: "ಅಲ್ಲಾ ರೀ, ನಾಲ್ಕು ನೋಟಿಗೊಂದ್ಸಲ ಬೆರಳು ನಾಲಿಗೆಗೆ ಹಚ್ತೀರಲ್ಲ, ಊರವರ ಎಂಜಲೆಲ್ಲ ನಿಮ್ಮ ಬಾಯಿಗೆ, ಮೇಲೆ ಮಾಸ್ಕ್ ಬೇರೆ ಕೇಡು!" ನನಗೆ ಗೊತ್ತೇ ಇರ್ಲಿಲ್ಲ, ಇಪ್ಪತ್ತು ವರ್ಷದ ಚಟ. ನೋಟು ಎಣಿಸೋಕೆ ಬೆರಳು ಒದ್ದೆ ಮಾಡ್ಕೊಳ್ಳೋ ಸ್ಪಾಂಜ್ ಡಬ್ಬಿ ಟೇಬಲ್ ಮೇಲೇ ಇತ್ತು, ಒಣಗಿ ಹಪ್ಪಳ ಆಗಿತ್ತು, ಅದಕ್ಕೆ ಗುಂಡುಪಿನ್ನು ಚುಚ್ಚಿಟ್ಟಿದ್ದೆ!

ಪಿನ್ನೆಲ್ಲ ಕಿತ್ತು ನೀರು ಹಾಕಿದೆ, ಆದ್ರೂ ಕೈ ತಾನಾಗೇ ಬಾಯಿಗೆ ಹೋಗೋದು. ಕೊನೆಗೆ ತೋರುಬೆರಳಿಗೆ ಬ್ಯಾಂಡೇಡ್ ಸುತ್ಕೊಂಡೆ, ನಾಲಿಗೆಗೆ ತಾಗಿದ ತಕ್ಷಣ ಥೂ ಅಂತ ಜ್ಞಾಪಕ ಆಗೋದು. ಹದಿನೈದು ದಿನ ಬೇಕಾಯ್ತು. ದಾರ ಕಟ್ಟಿದ ಪೆನ್ನಿನ ಕ್ಯಾಪ್ ಜನ ಕಚ್ತಾರೆ ಅಂತ ಕ್ಯಾಪೇ ಕಿತ್ತೆಸೆದೆ. ಟಿಫನ್ ಡಬ್ಬಿ ತೆಗೆಯೋ ಮುಂಚೆ ಸೋಪು ಹಾಕಿ ಇಪ್ಪತ್ತು ಸೆಕೆಂಡು ಕೈ ತೊಳ್ಯೋದು, ಆಫೀಸ್ ಸೋಪು ಎರಡೇ ದಿನಕ್ಕೆ ಮಾಯ ಆಗೋದು, ಅದಕ್ಕೆ ಡ್ರಾಯರಲ್ಲಿ ನಂದೇ ಒಂದು ಲೈಫ್‌ಬಾಯ್.

ಇಷ್ಟೆಲ್ಲ ಮಾಡಿ ಎಡವಿದ್ದು ಬೇರೆ ಕಡೆ. ಸೆಪ್ಟೆಂಬರ್ ಮೊದಲ ವಾರ, ಸಂಬಳದ ರಶ್ಶು, ಬೆಳಿಗ್ಗೆ ಮೈ ಕಾದಿತ್ತು, ಗಂಟಲು ಕೆರೀತಿತ್ತು. ರಜ ಕೇಳಿದ್ರೆ ಮುಖ ಊದಿಸ್ತಾರೆ ಅಂತ ಪ್ಯಾರಾಸಿಟಮಾಲ್ ನುಂಗಿ ಹೋಗಿ ಕೂತೆ, ಮಾರನೇ ದಿನಾನೂ. ಮೂರನೇ ದಿನ ಎದ್ದೇಳೋಕಾಗ್ಲಿಲ್ಲ. ಡಾಕ್ಟ್ರು ಟೆಸ್ಟು ಬರೀಲಿಲ್ಲ, ಉಸಿರಾಟಕ್ಕೆ ತೊಂದ್ರೆ ಇದ್ರೆ ಮಾತ್ರ ಬೇಕು, ಈಗ ಮನೇಲಿ ಬಿದ್ಕೊಳ್ಳಿ ಅಂದ್ರು. ಜ್ವರ ಶುರುವಾಗೋ ಹಿಂದಿನ ದಿನದಿಂದ್ಲೇ ಇನ್ನೊಬ್ರಿಗೆ ಅಂಟತ್ತಂತೆ, ಮಾತ್ರೆ ಇಲ್ದೆ ಒಂದು ಪೂರ್ತಿ ದಿನ ಜ್ವರ ಬಿಟ್ಟಿರ್ಬೇಕಂತೆ ಆಚೆ ಹೋಗೋಕೆ. ಮಾತ್ರೆ ಮೈ ತಣ್ಣಗೆ ಮಾಡತ್ತೆ ಅಷ್ಟೇ ಕಣ್ರೀ, ಅಂಟೋದು ನಿಲ್ಲಲ್ಲ ಅಂತ ಬೈದ್ರು.

ಅಷ್ಟೊತ್ತಿಗೆ ಪಕ್ಕದ ಕೌಂಟರ್‌ನವ್ರೂ ಅಟೆಂಡರೂ ಮಲಗಿಯಾಗಿತ್ತು. ನನ್ನಿಂದ್ಲೇನಾ ಅಂತ ಯಾರೂ ಬಾಯಿಬಿಟ್ಟು ಹೇಳ್ಲಿಲ್ಲ. ಅಟೆಂಡರ್ ವಾಪಸ್ ಬಂದ ದಿನ ಮಾತಾಡ್ಲಿಲ್ಲ, ನನ್ನ ಸ್ಪಾಂಜ್ ಡಬ್ಬಿ ತೊಳ್ದು ಹೊಸ ನೀರು ತುಂಬಿ ಟೇಬಲ್ ಮೇಲೆ ಕುಕ್ಕಿ ಹೋದ.