ಜೆಆರ್‌ಎಫ್ ಬಂದ ಮೇಲೆ, ಹಣ ಬರುವ ತನಕ

ಕಾಲೇಜು ಬೋಧನೆಗೂ ಸಂಶೋಧನೆಗೂ ಅರ್ಹತೆ ನೋಡುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಸಂಶೋಧಕರಿಗೆ ಸರ್ಕಾರ ಕೊಡುವ ಮಾಸಿಕ ವೇತನ) ಗಳಿಸಿ, ಪಿಎಚ್.ಡಿ.ಗೆ ಸೇರಿ, ತಿಂಗಳುಗಟ್ಟಲೆ ಒಂದು ರೂಪಾಯಿಯನ್ನೂ ಕಾಣದವರನ್ನು ಮುಂಬೈಯಲ್ಲಿ ಮತ್ತೆ ಮತ್ತೆ ನೋಡುತ್ತಿದ್ದೇನೆ. ಡೊಂಬಿವಲಿಯಲ್ಲೋ ನಾಲಾಸೋಪಾರದಲ್ಲೋ ಬಾಡಿಗೆ ಕೋಣೆ, ಬೆಳಗ್ಗೆ ಲೋಕಲ್ ರೈಲು, ಹಗಲೆಲ್ಲ ಕಲಿನಾದ ವಿಶ್ವವಿದ್ಯಾಲಯದ ಗ್ರಂಥಾಲಯ. ಖರ್ಚಿಗೆ ಮಾತ್ರ ಊರಿನಿಂದ ಅಪ್ಪ ಕಳಿಸುವ ಹಣ. ಕೊಡಲು ಸರ್ಕಾರ ಒಪ್ಪಿಯಾಗಿದೆ, ಹಣ ನಡುದಾರಿಯಲ್ಲಿ ನಿಂತಿದೆ. ಪರೀಕ್ಷೆ ಗೆಲ್ಲುವುದು ಹೇಗೆಂದು ಹೇಳುವವರು ಬೇಕಾದಷ್ಟಿದ್ದಾರೆ. ಗೆದ್ದ ಮೇಲಿನ ಕೆಲಸವನ್ನು ಹೇಳಿಕೊಡುವವರು ಕಡಿಮೆ.

ಮೊದಲು ಮೊತ್ತ ತಿಳಿದಿರಲಿ. 2023ರ ಜನವರಿ 1ರಿಂದ ಅನ್ವಯವಾದ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದಾಗ 42,000. ಒಟ್ಟು ಅವಧಿ ಐದು ವರ್ಷ. ಇದರ ಮೇಲೆ ಮನೆ ಬಾಡಿಗೆ ಭತ್ಯೆ ಮತ್ತು ವಾರ್ಷಿಕ ಸಾದಿಲ್ವಾರು ಅನುದಾನ (ಪುಸ್ತಕ, ನಕಲು, ಕ್ಷೇತ್ರಕಾರ್ಯದಂಥ ಖರ್ಚಿನ ಹಣ) ಉಂಟು. ಇದು ಯಾರೋ ದಯೆಯಿಂದ ಕೊಡುವ ಹಣವಲ್ಲ. ಕೇಳುವಾಗ ತಲೆ ತಗ್ಗಿಸಬೇಕಾಗಿಲ್ಲ.

ಪರೀಕ್ಷೆಯ ಬಗ್ಗೆ ಒಂದೇ ಮಾತು: ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ 150 ಪ್ರಶ್ನೆಗಳಲ್ಲಿ ಒಂದನ್ನೂ ಬಿಡಬೇಡಿ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಒಟ್ಟುಗೂಡಿಸಿದ ಅಗ್ಗದ ಗೈಡುಗಳನ್ನು ಕೊಳ್ಳಬೇಡಿ. ಅವುಗಳ ಉತ್ತರಗಳಲ್ಲಿ ತಪ್ಪು ಹೇರಳ. ಪ್ರಶ್ನೆಪತ್ರಿಕೆ, ಅಂತಿಮ ಕೀ ಉತ್ತರ ಎರಡೂ ಉಚಿತವಾಗಿ ಸಿಗುತ್ತವೆ.

ಅರ್ಜಿ ತುಂಬುವ ಮೊದಲೇ ಮಾಡಬೇಕಾದ ಕೆಲಸವೊಂದಿದೆ: ಹೆಸರು ಸರಿಪಡಿಸಿಕೊಳ್ಳುವುದು. ಕರ್ನಾಟಕದಲ್ಲಿ ಓದಿ ಇಲ್ಲಿಗೆ ಬಂದವರಿಗೆ ಇದು ದೊಡ್ಡ ತೊಡಕು. ಅಲ್ಲಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಸುಜಾತಾ ಆರ್.’, ಆಧಾರ್‌ನಲ್ಲಿ ‘ಸುಜಾತಾ ರಮೇಶ ಶೆಟ್ಟಿ’, ಮಹಾರಾಷ್ಟ್ರದ ರೂಢಿಯಂತೆ ಎಂ.ಎ. ಅಂಕಪಟ್ಟಿಯಲ್ಲಿ ಕುಲನಾಮ ಮೊದಲಾಗಿ ‘ಶೆಟ್ಟಿ ಸುಜಾತಾ ರಮೇಶ’. ಮೂರೂ ಒಬ್ಬಳೇ ಎಂದು ನಮಗೆ ಗೊತ್ತು, ಗಣಕಯಂತ್ರಕ್ಕೆ ಗೊತ್ತಿಲ್ಲ. ಹತ್ತನೆಯ ತರಗತಿಯ ಅಂಕಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡು ಆಧಾರ್ ಮತ್ತು ಬ್ಯಾಂಕ್ ಖಾತೆಯ ಹೆಸರನ್ನು ಅದಕ್ಕೆ ಹೊಂದಿಸಿ. ಮದುವೆಯ ನಂತರ ಹೆಸರು ಬದಲಾಗಿದ್ದರೆ ವಿವಾಹ ನೋಂದಣಿ ಪತ್ರ ಅಥವಾ ರಾಜ್ಯಪತ್ರದ ಪ್ರಕಟಣೆ ಕೈಯಲ್ಲಿರಲಿ. ನೋಟರಿಯ ಅಫಿಡವಿಟ್ ಒಂದನ್ನೇ ನಂಬಬೇಡಿ.

ಮೀಸಲಾತಿಯಲ್ಲಿ ಅರ್ಜಿ ಹಾಕುವವರು ಇನ್ನೊಂದನ್ನು ಗಮನಿಸಬೇಕು. ನೆಟ್‌ಗೆ ಬೇಕಾದದ್ದು ಕೇಂದ್ರದ ನಮೂನೆಯ ಪ್ರಮಾಣಪತ್ರ. ಹಿಂದುಳಿದ ವರ್ಗಗಳ ಕೇಂದ್ರ ಪಟ್ಟಿ ರಾಜ್ಯವಾರು ಇರುತ್ತದೆ. ನಿಮ್ಮ ಜಾತಿ ಕರ್ನಾಟಕದ ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಮಹಾರಾಷ್ಟ್ರದ ಪಟ್ಟಿಯಲ್ಲೂ ಇದೆ ಎಂದು ಭಾವಿಸಬಾರದು. ಪುಣೆಯ ಬಾರ್ಟಿ ಮತ್ತು ಸಾರಥಿ, ನಾಗಪುರದ ಮಹಾಜ್ಯೋತಿ ಸಂಸ್ಥೆಗಳು ಕೊಡುವ ಸಂಶೋಧನಾ ವೇತನಗಳು ರಾಜ್ಯ ಸರ್ಕಾರದವು. ಅವಕ್ಕೆ ಮಹಾರಾಷ್ಟ್ರದ ಅಧಿವಾಸ (ಡೊಮಿಸೈಲ್) ಬೇಕು, ಇಲ್ಲಿನದೇ ಜಾತಿ ಪ್ರಮಾಣಪತ್ರ ಬೇಕು. ಮೂರು ತಲೆಮಾರಿನಿಂದ ಮುಂಬೈಯಲ್ಲಿದ್ದರೂ ಊರಿನ ತಹಶೀಲ್ದಾರರ ಕಾಗದವೊಂದನ್ನೇ ಹಿಡಿದು ಹೋದವರು ಬರಿಗೈಯಲ್ಲಿ ಮರಳುತ್ತಾರೆ.

ಇನ್ನು ಪ್ರವೇಶದ ವಿಷಯ. ಜೆಆರ್‌ಎಫ್ ಪತ್ರಕ್ಕೆ ಮೂರು ವರ್ಷಗಳ ಮಾನ್ಯತೆ ಇದೆ, ಅಷ್ಟರೊಳಗೆ ಪಿಎಚ್.ಡಿ.ಗೆ ಸೇರಬೇಕು. ಒಬ್ಬ ಪ್ರಾಧ್ಯಾಪಕರು ಎಂಟು, ಸಹ ಪ್ರಾಧ್ಯಾಪಕರು ಆರು, ಸಹಾಯಕ ಪ್ರಾಧ್ಯಾಪಕರು ನಾಲ್ಕು ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಕಲಿನಾದಲ್ಲಿರುವ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗದಂಥ ಚಿಕ್ಕ ವಿಭಾಗಗಳಲ್ಲಿ ಸೀಟು ತೆರವಾಗುವುದನ್ನು ಕಾಯಬೇಕಾಗಬಹುದು. ಫಲಿತಾಂಶದ ವಾರವೇ ಹೋಗಿ ವಿಚಾರಿಸಿ; ಮೂರನೆಯ ವರ್ಷದ ಕೊನೆಗೆ ಓಡಾಡಬೇಡಿ. ಕರ್ನಾಟಕದ ವಿಶ್ವವಿದ್ಯಾಲಯದಿಂದ ಬರುವವರು ಮೈಗ್ರೇಷನ್ ಪ್ರಮಾಣಪತ್ರಕ್ಕೆ ಅದೇ ವಾರ ಅರ್ಜಿ ಹಾಕಿ.

ಇನ್ನು ಎಲ್ಲರೂ ಎಡವುವ ಜಾಗ. ಪ್ರವೇಶ ಶುಲ್ಕ ಕಟ್ಟಿದ ರಸೀದಿ ಸಿಕ್ಕಿತು ಎಂದರೆ ಫೆಲೋಶಿಪ್ ಶುರುವಾಯಿತು ಎಂದಲ್ಲ. ನೀವು ಸೇರ್ಪಡೆ ವರದಿಯನ್ನು ಬರೆದು ಸಲ್ಲಿಸಬೇಕು. ಅದರ ಮೇಲೆ ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಕುಲಸಚಿವರು ಸಹಿ ಹಾಕಿ ಮೊಹರು ಒತ್ತಬೇಕು. ಆ ವರದಿಯಲ್ಲಿರುವ ದಿನಾಂಕವನ್ನು ಎರಡು ಸಲ ಓದಿ. ನೆಟ್ ಫಲಿತಾಂಶ ಬರುವ ಮೊದಲೇ ಪಿಎಚ್.ಡಿ.ಗೆ ಸೇರಿದ್ದರೆ ಫೆಲೋಶಿಪ್ ಫಲಿತಾಂಶದ ದಿನದಿಂದ ಲೆಕ್ಕ. ನಂತರ ಸೇರಿದ್ದರೆ ಸೇರಿದ ದಿನದಿಂದ. ವಿಶ್ವವಿದ್ಯಾಲಯದ ನೋಂದಣಿ ಪತ್ರದಲ್ಲಿ ಒಂದು ದಿನಾಂಕ, ಸೇರ್ಪಡೆ ವರದಿಯಲ್ಲಿ ಇನ್ನೊಂದು ಇದ್ದರೆ ಕಡತ ಅಲ್ಲೇ ಕೂರುತ್ತದೆ.

ಆಮೇಲೆ ವಿಶ್ವವಿದ್ಯಾಲಯದ ಕಚೇರಿಯಲ್ಲಿ ‘ಮೇಕರ್’ ಎಂಬ ಸಿಬ್ಬಂದಿ ನಿಮ್ಮ ವಿವರಗಳನ್ನು ಫೆಲೋಶಿಪ್ ಪೋರ್ಟಲ್‌ಗೆ ತುಂಬುತ್ತಾರೆ, ‘ಚೆಕರ್’ ಎಂಬ ಅಧಿಕಾರಿ ಅದನ್ನು ಒಪ್ಪಬೇಕು. ಈ ಇಬ್ಬರೂ ಯಾರೆಂದು, ಯಾವ ಕೋಣೆಯಲ್ಲಿ ಕೂರುತ್ತಾರೆಂದು ಮೊದಲ ದಿನವೇ ತಿಳಿದುಕೊಳ್ಳಿ. ಕಾಲೇಜೊಂದರ ಸಂಶೋಧನಾ ಕೇಂದ್ರದಲ್ಲಿ ನೋಂದಾಯಿಸಿಕೊಂಡವರು, ಮೇಕರ್ ಕಾಲೇಜಿನಲ್ಲೇ ಇದ್ದಾರೆಯೋ ವಿಶ್ವವಿದ್ಯಾಲಯದಲ್ಲೋ ಎಂದು ಖಚಿತಪಡಿಸಿಕೊಳ್ಳಬೇಕು. ಅವರು ಮಾಡುತ್ತಾರೆ ಎಂದು ಇವರು, ಇವರು ಮಾಡುತ್ತಾರೆ ಎಂದು ಅವರು ಸುಮ್ಮನಿದ್ದು ಅರ್ಧ ವರ್ಷ ಕಳೆದುಹೋದದ್ದನ್ನು ಕಂಡಿದ್ದೇನೆ.

ಈ ಕೆಲಸ ಒಂದೇ ಸಲಕ್ಕೆ ಮುಗಿಯುವುದಿಲ್ಲ. ನೀವು ಆ ತಿಂಗಳು ಸಂಶೋಧನೆಯಲ್ಲಿ ತೊಡಗಿದ್ದಿರಿ ಎಂದು ಸಂಸ್ಥೆ ಪ್ರತಿ ತಿಂಗಳೂ ಪೋರ್ಟಲ್‌ನಲ್ಲಿ ದೃಢೀಕರಿಸಬೇಕು. ದೃಢೀಕರಣವಿಲ್ಲದ ತಿಂಗಳಿಗೆ ಹಣವಿಲ್ಲ. ಮೇಕರ್ ರಜೆ ಹಾಕಿದರೂ ಚೆಕರ್‌ಗೆ ವರ್ಗವಾದರೂ ನಷ್ಟ ನಿಮಗೇ. ಆದ್ದರಿಂದ ಮಾರ್ಗದರ್ಶಕರ ಸಹಿಯಿರುವ ಹಾಜರಾತಿ ಪತ್ರವನ್ನು ತಿಂಗಳು ಮುಗಿಯುವ ಮೊದಲೇ ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆಯಿರಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿ ಕೈತೊಳೆದುಕೊಳ್ಳುವುದು ಬೇಡವೇ ಬೇಡ, ಕಾಗದವೇ ಇರಲಿ.

ಇಷ್ಟೆಲ್ಲ ಸರಿಯಾದರೂ ಹಣ ಬಾರದಿದ್ದರೆ ತಪ್ಪು ಬಹುತೇಕ ಬ್ಯಾಂಕಿನಲ್ಲಿರುತ್ತದೆ. ‘ನನ್ನ ಖಾತೆಗೆ ಆಧಾರ್ ಜೋಡಿಸಿದೆ’ ಎಂದು ಎಲ್ಲರೂ ಹೇಳುತ್ತಾರೆ. ಕೆವೈಸಿಗಾಗಿ ಆಧಾರ್ ಸಂಖ್ಯೆ ಕೊಡುವುದು ಬೇರೆ, ಸರ್ಕಾರದ ನೇರ ಪಾವತಿ ಬರಲೆಂದು ಅದನ್ನು ಖಾತೆಗೆ ಸೀಡ್ ಮಾಡಿಸುವುದು ಬೇರೆ. ಒಂದು ಆಧಾರ್ ಸಂಖ್ಯೆಗೆ ಒಂದು ಬ್ಯಾಂಕ್ ಮಾತ್ರ. ಕೊನೆಯದಾಗಿ ಎಲ್ಲಿ ಸೀಡ್ ಮಾಡಿಸಿದ್ದೀರೋ ಹಣ ಅಲ್ಲಿಗೆ ಹೋಗುತ್ತದೆ. ಮೊಬೈಲಿನಲ್ಲಿ ಐದು ನಿಮಿಷದಲ್ಲಿ ತೆರೆಯುವ ಹೊಸ ಖಾತೆಗಳು ಈ ಜೋಡಣೆಯನ್ನು ಸದ್ದಿಲ್ಲದೆ ಬದಲಿಸಿಬಿಟ್ಟ ಸಂದರ್ಭಗಳಿವೆ. ಫೆಲೋಶಿಪ್ ಇರುವಷ್ಟು ಕಾಲ ಅಂಥ ಖಾತೆ ತೆರೆಯಬೇಡಿ. ಆಧಾರ್‌ನ ಜಾಲತಾಣದಲ್ಲಿ ಬ್ಯಾಂಕ್ ಜೋಡಣೆಯ ಸ್ಥಿತಿ ನೋಡಬಹುದು. ಸೇರಿದ ದಿನವೇ ನೋಡಿ.

ಮನೆ ಬಾಡಿಗೆ ಭತ್ಯೆ ಕೇಂದ್ರ ಸರ್ಕಾರದ ದರದಂತೆ ಸಿಗುತ್ತದೆ. ಮುಂಬೈ, ಪುಣೆ ಎರಡೂ ‘ಎಕ್ಸ್’ ದರ್ಜೆಯ ನಗರಗಳಾದ್ದರಿಂದ ಇಲ್ಲಿ ಗರಿಷ್ಠ ದರ. ಆದರೆ ವಿಶ್ವವಿದ್ಯಾಲಯ ಹಾಸ್ಟೆಲ್ ಕೊಡಲು ಮುಂದಾದಾಗ ಬೇಡವೆಂದರೆ ಭತ್ಯೆಯ ಹಕ್ಕು ಹೋಗುತ್ತದೆ. ಹಾಸ್ಟೆಲ್‌ನಲ್ಲಿ ಕೋಣೆ ಇಲ್ಲ ಎಂಬ ಪತ್ರವನ್ನು ಬರಹದಲ್ಲೇ ಪಡೆದುಕೊಳ್ಳಿ.

ಸಾದಿಲ್ವಾರು ಹಣ ಮಾನವಿಕ ವಿಷಯಗಳಿಗೆ ಮೊದಲ ಎರಡು ವರ್ಷ 10,000, ಆಮೇಲೆ 20,500. ವಿಜ್ಞಾನಕ್ಕೆ 12,000, ನಂತರ 25,000. ಪುಸ್ತಕ, ನಕಲು, ಕ್ಷೇತ್ರಕಾರ್ಯದ ಬಿಲ್ಲುಗಳನ್ನು ಕಳೆದುಹೋಗದಂತೆ ಕಾಪಾಡಿ. ‘ಲೇಖನ ಪ್ರಕಟಣೆ ಗ್ಯಾರಂಟಿ’ ಎನ್ನುವ ನಿಯತಕಾಲಿಕಗಳಿಗೆ ಈ ಹಣ ಸುರಿಯಬೇಡಿ. 2022ರ ನಿಯಮಾವಳಿಯಲ್ಲಿ ಪಿಎಚ್.ಡಿ.ಗೆ ಲೇಖನ ಪ್ರಕಟಣೆಯ ಕಡ್ಡಾಯವನ್ನು ಯುಜಿಸಿ ಕೈಬಿಟ್ಟಿದೆ.

ವರ್ಷಕ್ಕೆ 30 ದಿನ ರಜೆ, ಸಾರ್ವಜನಿಕ ರಜಾದಿನಗಳು ಬೇರೆ. ಹೆರಿಗೆ ಮತ್ತು ಶಿಶುಪಾಲನೆಗೆಂದು ಮಹಿಳೆಯರು ಇಡೀ ಪಿಎಚ್.ಡಿ. ಅವಧಿಯಲ್ಲಿ 240 ದಿನಗಳವರೆಗೆ ರಜೆ ಪಡೆಯಬಹುದು. ಇದನ್ನು ಕೇಳಲು ಸಂಕೋಚಪಟ್ಟು ಓದು ಬಿಟ್ಟವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಎರಡು ವರ್ಷ ತುಂಬಿದಾಗ ಎಸ್‌ಆರ್‌ಎಫ್ ತಾನಾಗಿ ಆಗುವುದಿಲ್ಲ. ವಿಭಾಗದ ಮುಖ್ಯಸ್ಥರು, ಮಾರ್ಗದರ್ಶಕರು ಮತ್ತು ಹೊರಗಿನ ಒಬ್ಬ ತಜ್ಞರಿರುವ ಸಮಿತಿ ನಿಮ್ಮ ಕೆಲಸವನ್ನು ನೋಡಿ ಶಿಫಾರಸು ಮಾಡಬೇಕು. ಕನ್ನಡದ ತಜ್ಞರು ಧಾರವಾಡದಿಂದಲೋ ಮಂಗಳೂರಿನಿಂದಲೋ ಬರಬೇಕಾಗಬಹುದು. ಅವರ ದಿನಾಂಕವನ್ನು ಮೂರು ತಿಂಗಳು ಮೊದಲೇ ಗೊತ್ತುಮಾಡಲು ವಿಭಾಗಕ್ಕೆ ನೆನಪಿಸಿ.

ಜೆಆರ್‌ಎಫ್ ಸಿಗದ ಸಮಾಜವಿಜ್ಞಾನದ ವಿದ್ಯಾರ್ಥಿಗಳಿಗೆ ಐಸಿಎಸ್‌ಎಸ್‌ಆರ್‌ನ (ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟರಲ್ ಫೆಲೋಶಿಪ್ ಇದೆ: ತಿಂಗಳಿಗೆ 20,000 ರೂಪಾಯಿ, ಎರಡು ವರ್ಷ. ಆ ಸಂಸ್ಥೆಯ ಪಶ್ಚಿಮ ಪ್ರಾದೇಶಿಕ ಕೇಂದ್ರ ಕಲಿನಾ ಆವರಣದ ಜೆ.ಪಿ. ನಾಯಕ್ ಭವನದಲ್ಲೇ ಇದೆ. ಏಜೆಂಟರ ಕೈಗೆ ಹಣ ಕೊಡುವ ಮೊದಲು ಅಲ್ಲಿಗೆ ನಡೆದುಹೋಗಿ ಕೇಳಿ.