ಹುಬ್ಬಳ್ಳಿಯಲ್ಲಿ ಕೂತು ಬ್ಯಾಡಗಿಯ ಸರ್ವರ್‌ಗೆ ಕೈ ಹಚ್ಚುವಾಗ

ಊರೂರಿನ ಅಂಗಡಿಗಳ ಸರ್ವರ್‌ಗಳನ್ನು, ಅಂದರೆ ಉಳಿದ ಕಂಪ್ಯೂಟರ್‌ಗಳು ನಂಬಿಕೊಂಡಿರುವ ಮುಖ್ಯ ಕಂಪ್ಯೂಟರ್‌ಗಳನ್ನು, ದೂರದಿಂದಲೇ ನೋಡಿಕೊಳ್ಳುವುದು ನನ್ನ ಕೆಲಸ. ಅವತ್ತು ಭಾನುವಾರ, ರಾತ್ರಿ ಹತ್ತೂವರೆ. ಹುಬ್ಬಳ್ಳಿಯ ವಿದ್ಯಾನಗರದ ಮನೆಯಲ್ಲಿ ಕೂತು ಬ್ಯಾಡಗಿಯ ಒಂದು ದಲಾಲಿ ಅಂಗಡಿಯ ಸರ್ವರ್‌ನ ಫೈರ್‌ವಾಲ್ (ನೆಟ್‌ವರ್ಕ್‌ನಿಂದ ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಅನ್ನುವ ನಿಯಮಗಳು) ಬಿಗಿ ಮಾಡುತ್ತಿದ್ದೆ. ಗದಗಿನ ಒಂದು ಪ್ರಿಂಟಿಂಗ್ ಪ್ರೆಸ್‌ಗೆ ಮಾಡಿದ್ದ ಫೈಲನ್ನೇ ಕಾಪಿ ಮಾಡಿ ಹಾಕಿದೆ. ತಪ್ಪಿದ್ದರೆ ಹೇಳು ಅಂತ ಸರ್ವರ್‌ನ್ನು ಕೇಳಿದೆ, ಏನೂ ತಪ್ಪಿಲ್ಲ ಅಂತು. ಸೇವ್ ಮಾಡಿ, ಲೋಡ್ ಮಾಡಿ ಎಂಟರ್ ಒತ್ತಿದೆ. ಪರದೆ ಅಲ್ಲೇ ನಿಂತುಬಿಟ್ಟಿತು. ಯಾವ ಕೀ ಒತ್ತಿದರೂ ಅಕ್ಷರ ಮೂಡಲಿಲ್ಲ.

ಒಂದೇ ಅಂಕಿಯ ತಪ್ಪು. ಗದಗಿನ ಮೆಷಿನ್‌ನಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಇಎನ್‌ಪಿ3ಎಸ್0, ಬ್ಯಾಡಗಿಯದ್ದು ಇಎನ್‌ಪಿ2ಎಸ್0. ಇಲ್ಲದ ಕಾರ್ಡಿನಿಂದ ಬರುವವರನ್ನು ಬಿಡು, ಉಳಿದವರನ್ನೆಲ್ಲ ತಡೆ ಅಂತ ಬರೆದಂಗಾಗಿತ್ತು. ಆ ಫೈರ್‌ವಾಲ್ ನಡೆಸುವ ಎನ್‌ಎಫ್‌ಟೇಬಲ್ಸ್‌ನ ತಪಾಸಣೆ ಬರೆದ ರೀತಿ ಸರಿ ಇದೆಯಾ ಅಂತ ಮಾತ್ರ ನೋಡುತ್ತದೆ. ಬರೆದ ಮಾತು ಆ ಊರಿಗೆ ಹೊಂದುತ್ತದೋ ಇಲ್ಲವೋ, ಅದಕ್ಕೆ ಗೊತ್ತಾಗುವುದಿಲ್ಲ.

ಮರುದಿನ ಸೋಮವಾರ. ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಸೋಮವಾರ, ಗುರುವಾರ ಅಂದರೆ ವಹಿವಾಟಿನ ದಿನ. ಬೆಳಿಗ್ಗೆ ಗುಮಾಸ್ತರ ಫೋನ್ ಬಂತು. "ಸರ್ರ, ಬಿಲ್ ಮಾಡಾಕ ಬರವಲ್ದು. ಯಾವ ಕಂಪ್ಯೂಟರೂ ಹತ್ತವಲ್ದು." ಆಫ್ ಮಾಡಿ ಆನ್ ಮಾಡ್ರಿ ಅಂದೆ. ಮಾಡಿದರು. ಆದರೆ ನಾನು ನಿಯಮವನ್ನು ಫೈಲಿನಲ್ಲೇ ಸೇವ್ ಮಾಡಿದ್ದರಿಂದ ಅದು ಮತ್ತೆ ಹಾಗೇ ಎದ್ದು ಕೂತಿತು. ಬೈಕ್ ಹತ್ತಿದೆ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿ ಬಿಟ್ಟು ಒಳಗೆ ತಿರುಗುವಾಗಲೇ ಮೆಣಸಿನಕಾಯಿ ಘಾಟು ಮೂಗಿಗೆ ಬಡಿಯಿತು. ಅಂಗಡಿಯಲ್ಲಿ ಗಲ್ಲಾದ ಕೆಳಗೆ ಸರ್ವರ್, ಅದರ ಫ್ಯಾನಿನ ಮೇಲೆ ಕೆಂಪು ಧೂಳು. ಮಾನಿಟರ್ ಜೋಡಿಸಿ 3 ಇದ್ದಲ್ಲಿ 2 ಮಾಡಿದೆ. ಕೆಲಸ ಎರಡು ನಿಮಿಷದ್ದು. ಅಷ್ಟು ಹೊತ್ತೂ ರೈತರು ಚೀಲದ ಪಕ್ಕ ನಿಂತಿದ್ದರು. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಆಮೇಲೆ ನನ್ನ ಕೆಲಸದ ರೀತಿಯನ್ನೇ ಬದಲಿಸಿದೆ. ಕಳ್ಳರು ಒಳಗೆ ಬರದಂತೆ ಬಾಗಿಲು ಹಾಕುವುದಷ್ಟೇ ಭದ್ರತೆ ಅಂದುಕೊಂಡಿದ್ದೆ. ನಾನು ಕಳಿಸಿದ ಬದಲಾವಣೆ ಕೆಟ್ಟರೆ ಸರ್ವರ್ ತಾನೇ ಹಳೇ ಸ್ಥಿತಿಗೆ ಬರಬೇಕು. ಅದೂ ಭದ್ರತೆಯೇ.

ಈಗ ಹೀಗೆ ಮಾಡುತ್ತೇನೆ. ಹಳೇ ಫೈಲಿನ ಒಂದು ಕಾಪಿ ಪಕ್ಕದಲ್ಲಿ ಇಡುತ್ತೇನೆ. 'ಆಟ್' ಅನ್ನುವ ಕಮಾಂಡ್‌ನಿಂದ, ಇನ್ನು 10 ನಿಮಿಷಕ್ಕೆ ಹಳೇದನ್ನೇ ವಾಪಸ್ ಹಾಕು ಅಂತ ಸರ್ವರ್‌ಗೆ ಹೇಳಿಡುತ್ತೇನೆ. ಹೊಸದನ್ನು ಲೋಡ್ ಮಾಡುವುದು ಅದಾದ ಮೇಲೆಯೇ. ಅದೂ ಮೆಮೊರಿಗೆ ಮಾತ್ರ, ಬೂಟ್ ಆಗುವಾಗ ಓದುವ ಫೈಲಿಗೆ ಅಲ್ಲ. ತೆರೆದಿರುವ ಟರ್ಮಿನಲ್ ಮುಚ್ಚುವುದಿಲ್ಲ. ಇನ್ನೊಂದು ಟರ್ಮಿನಲ್ ತೆರೆದು ಹೊಸದಾಗಿ ಲಾಗಿನ್ ಆಗಿ ನೋಡುತ್ತೇನೆ. ಇದು ಮುಖ್ಯ. ಹಳೇ ಸಂಪರ್ಕ ಜೀವಂತ ಇದೆ ಅಂದಮಾತ್ರಕ್ಕೆ ಹೊಸದು ಒಳಗೆ ಬರುತ್ತದೆ ಅಂತ ಅಲ್ಲ. ಲಾಗಿನ್ ಆಯಿತು, ಬಿಲ್ಲಿಂಗ್ ಕಂಪ್ಯೂಟರೂ ಹತ್ತಿತು ಅಂದರೆ 'ಆಟ್' ಕೆಲಸವನ್ನು ರದ್ದು ಮಾಡಿ ಆಮೇಲೆ ಫೈಲಿಗೆ ಸೇವ್ ಮಾಡುತ್ತೇನೆ. ಆಗಲಿಲ್ಲ ಅಂದರೆ 10 ನಿಮಿಷ ಸುಮ್ನೆ ಕಾಯುವುದು. ಉಬುಂಟು ಸರ್ವರ್‌ನಲ್ಲಿ ಐಪಿ (ನೆಟ್‌ವರ್ಕ್‌ನಲ್ಲಿ ಅದರ ವಿಳಾಸ) ಬದಲಿಸುವುದಿದ್ದರೆ 'ನೆಟ್‌ಪ್ಲಾನ್ ಟ್ರೈ' ಅನ್ನುವ ಕಮಾಂಡ್ ಇದನ್ನೇ ಮಾಡುತ್ತದೆ: 120 ಸೆಕೆಂಡಿನೊಳಗೆ ನಾವು ಒಪ್ಪಿಗೆ ಕೊಡದಿದ್ದರೆ ತಾನೇ ಹಿಂದಕ್ಕೆ ಹೋಗುತ್ತದೆ.

ಬಾಗಿಲಿನ ವಿಷಯಕ್ಕೆ ಬರುತ್ತೇನೆ. ಹಿಂದೆ ಕೆಲವು ಕಡೆ ರೂಟರ್‌ಗಳಿಗೆ ಟೆಲ್‌ನೆಟ್‌ನಲ್ಲೇ ಹೋಗುತ್ತಿದ್ದೆವು, ಅದು ಏನನ್ನೂ ಗುಟ್ಟು ಮಾಡದೆ ಕಳಿಸುವ ಹಳೇ ದಾರಿ. ಒಮ್ಮೆ ನಮ್ಮದೇ ನೆಟ್‌ವರ್ಕ್‌ನಲ್ಲಿ ವೈರ್‌ಶಾರ್ಕ್ (ತಂತಿಯಲ್ಲಿ ಹೋಗುವುದನ್ನು ತೋರಿಸುವ ಪ್ರೋಗ್ರಾಂ) ಹಚ್ಚಿ ನೋಡಿದೆ. ನಾನು ಒತ್ತಿದ ಪಾಸ್‌ವರ್ಡ್ ಒಂದೊಂದೇ ಅಕ್ಷರವಾಗಿ ಕಣ್ಣೆದುರಿಗೇ ಬಂತು. ಫಿನ್ಲೆಂಡಿನ ತಾತು ಉಲೊನೆನ್ 1995ರಲ್ಲಿ ಎಸ್‌ಎಸ್‌ಎಚ್ (ಎಲ್ಲವನ್ನೂ ಗುಟ್ಟಾಗಿಸಿ ದೂರದ ಮೆಷಿನ್‌ಗೆ ಲಾಗಿನ್ ಆಗುವ ದಾರಿ) ಬರೆದದ್ದೂ ತಮ್ಮ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಹೀಗೆ ಪಾಸ್‌ವರ್ಡ್ ಕದ್ದ ಮೇಲೆ. ಈಗ ನನ್ನ ಯಾವ ಸರ್ವರ್‌ಗೂ ಪಾಸ್‌ವರ್ಡ್ ಲಾಗಿನ್ ಇಲ್ಲ, ರೂಟ್ (ಪೂರ್ತಿ ಅಧಿಕಾರ ಇರುವ ಖಾತೆ) ಲಾಗಿನ್ ಇಲ್ಲ. ಪಾಸ್‌ವರ್ಡ್ ಬದಲು ಇಡಿ25519 ಅನ್ನುವ ಬಗೆಯ ಕೀ ಫೈಲು, ಅದನ್ನು ತೆರೆಯಲು ಒಂದು ಪಾಸ್‌ಫ್ರೇಸ್. ಒಬ್ಬರಿಗೆ ಒಂದೇ ಕೀ, ಹಂಚಿಕೊಳ್ಳುವ ಹಾಗಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ಬೆಂಗಳೂರಿಗೆ ಹೋದಾಗ ಅವನ ಕೀ ಇದ್ದ ಒಂದು ಸಾಲು ತೆಗೆದರೆ ಸಾಕಾಯಿತು.

ಇಲ್ಲೊಂದು ಕಡೆ ಮೋಸ ಹೋಗಬೇಡಿ. ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ನಡೆಸುವ ಎಸ್‌ಎಸ್‌ಎಚ್‌ಡಿ ಮೊದಲು ಸಿಕ್ಕ ಮಾತನ್ನೇ ನಂಬುತ್ತದೆ. ಮುಖ್ಯ ಫೈಲಿನಲ್ಲಿ ಪಾಸ್‌ವರ್ಡ್ ಬೇಡ ಅಂತ ನಾನು ಬರೆದಿದ್ದೆ. ಆದರೂ ಒಂದು ಸರ್ವರ್ ಪಾಸ್‌ವರ್ಡ್ ಕೇಳುತ್ತಲೇ ಇತ್ತು. ಪಕ್ಕದ ಫೋಲ್ಡರಿನಲ್ಲಿ ಇನ್‌ಸ್ಟಾಲ್ ಆಗುವಾಗಲೇ ಬಂದ ಸಣ್ಣ ಫೈಲೊಂದು ಇರಲಿ ಅಂತ ಹೇಳಿತ್ತು, ಅದನ್ನು ಮೊದಲು ಓದುತ್ತಿತ್ತು. ಅದಕ್ಕೇ 'ಎಸ್‌ಎಸ್‌ಎಚ್‌ಡಿ' ಜೊತೆ ಮೈನಸ್ ಸಣ್ಣ ಟಿ ಹಾಕಿ ತಪ್ಪು ನೋಡಿದರೆ ಸಾಲದು. ಮೈನಸ್ ದೊಡ್ಡ ಟಿ ಹಾಕಿದರೆ ಕೊನೆಗೆ ನಡೆಯುವ ಸೆಟ್ಟಿಂಗ್ ಯಾವುದು ಅಂತ ಪೂರ್ತಿ ತೋರಿಸುತ್ತದೆ.

ಮಾತಾಡುತ್ತಿರುವುದು ನಮ್ಮ ಸರ್ವರ್ ಜೊತೆಗೇನಾ ಅನ್ನುವುದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಮೊದಲ ಸಲ ಸರ್ವರ್‌ನ ಫಿಂಗರ್‌ಪ್ರಿಂಟ್ (ಅದರ ಗುರುತಿನ ಅಕ್ಷರಗಳ ಸಾಲು) ತೋರಿಸಿ ಸರಿಯೇ ಅಂತ ಕೇಳಿದಾಗ ಯೆಸ್ ಅಂತ ಒತ್ತಿ ಮುಂದೆ ಹೋಗುತ್ತಾರೆ. ನಾನು ಸರ್ವರ್ ಕೂರಿಸುವ ದಿನವೇ ಫಿಂಗರ್‌ಪ್ರಿಂಟ್ ಬರೆದುಕೊಂಡು ಬರುತ್ತೇನೆ. ಗದಗಿನ ಪ್ರೆಸ್‌ನ ಸರ್ವರ್‌ಗೆ ಹೋದಾಗ ಒಂದು ದಿನ ಗುರುತು ಬದಲಾಗಿದೆ ಅಂತ ದೊಡ್ಡ ಎಚ್ಚರಿಕೆ ಬಂತು. ಕೈ ತೆಗೆದು ಫೋನ್ ಮಾಡಿದೆ. ಡಿಸ್ಕ್ ಕೆಟ್ಟು ಹೊಸದಾಗಿ ಇನ್‌ಸ್ಟಾಲ್ ಮಾಡಿಸಿದ್ದರಂತೆ. ಬಾಯಿಮಾತಿಗೆ ಒಪ್ಪಲಿಲ್ಲ. ಆ ಸರ್ವರ್ ಮುಂದೆಯೇ ಅವರನ್ನು ಕೂರಿಸಿ ಹೊಸ ಫಿಂಗರ್‌ಪ್ರಿಂಟ್ ಓದಿಸಿದೆ. "ದೊಡ್ಡ ಕ್ಯೂ, ಸಣ್ಣ ಎಂ, ಏಳು, ಆಮ್ಯಾಲ ಪ್ಲಸ್ ಐತ್ರಿ..." ಅಂತ ಕೊನೆಯವರೆಗೂ ತಾಳ್ಮೆಯಿಂದ ಓದಿದರು. ನನ್ನ ಪರದೆಯಲ್ಲಿದ್ದದ್ದಕ್ಕೆ ಪೂರ್ತಿ ಹೊಂದಿತು. ಆಮೇಲೆಯೇ ಒಳಗೆ ಹೋದೆ.

ಇನ್ನು ಎಸ್‌ಎಸ್‌ಎಚ್‌ನ ಬಾಗಿಲಾದ ಪೋರ್ಟ್ 22 ಹೊರಗಿನ ಇಂಟರ್ನೆಟ್‌ಗೆ ಕಾಣುವುದೇ ಇಲ್ಲ. ಅಂಗಡಿಗಳ ಬ್ರಾಡ್‌ಬ್ಯಾಂಡ್‌ಗೆ ಸ್ಥಿರ ಐಪಿ ಇರುವುದಿಲ್ಲ, ಅಲ್ವಾ? ಹಾಗಾಗಿ ಬಾಡಿಗೆಗೆ ಒಂದು ಸಣ್ಣ ಸರ್ವರ್ ತಗೊಂಡು ಅದರ ಮೇಲೆ ವೈರ್‌ಗಾರ್ಡ್ (ಇಂಟರ್ನೆಟ್ ಒಳಗೇ ನಮ್ಮದೇ ಗುಟ್ಟಿನ ದಾರಿ ಮಾಡಿಕೊಡುವ ಪ್ರೋಗ್ರಾಂ) ಹಾಕಿದ್ದೇನೆ. 2020ರಲ್ಲಿ ಈ ಸರ್ವರ್‌ಗಳನ್ನು ನಡೆಸುವ ಲಿನಕ್ಸ್‌ನ ತಿರುಳಾದ ಕರ್ನಲ್ 5.6ರ ಜೊತೆಗೇ ಅದು ಬಂದ ಮೇಲೆ ಕೆಲಸ ಸುಲಭವಾಯಿತು. ಅಂಗಡಿಯ ಸರ್ವರ್‌ಗಳೇ ಒಳಗಿನಿಂದ ಹೊರಗೆ ಬಂದು ಅದಕ್ಕೆ ಸೇರಿಕೊಳ್ಳುತ್ತವೆ, 25 ಸೆಕೆಂಡಿಗೊಮ್ಮೆ ಇದ್ದೇನೆ ಅಂತ ಹೇಳುತ್ತವೆ. ನಾನೂ ಅದೇ ದಾರಿಯಲ್ಲಿ ಹೋಗುತ್ತೇನೆ.

ಬದಲಾವಣೆಗಳನ್ನು ಈಗ ಕೈಯಿಂದ ಟೈಪ್ ಮಾಡುವುದಿಲ್ಲ. ಎಲ್ಲ ಗಿಟ್‌ನಲ್ಲಿ (ಪ್ರತಿ ಬದಲಾವಣೆಯ ದಾಖಲೆ ಇಡುವ ಪ್ರೋಗ್ರಾಂ) ಇರುತ್ತವೆ, ಆನ್ಸಿಬಲ್ ಅನ್ನುವ ಪ್ರೋಗ್ರಾಂ ಅವನ್ನು ಸರ್ವರ್‌ಗಳಿಗೆ ಕಳಿಸುತ್ತದೆ, ಪಾಸ್‌ವರ್ಡ್‌ಗಳು ಅದರ ವಾಲ್ಟ್‌ನಲ್ಲಿ ಬೀಗ ಹಾಕಿಕೊಂಡಿರುತ್ತವೆ. ಕಾರ್ಡಿನ ಹೆಸರನ್ನು ಆಯಾ ಮೆಷಿನ್‌ನಿಂದಲೇ ಕೇಳಿ ತುಂಬಿಕೊಳ್ಳುವ ಹಾಗೆ ಬರೆದಿದ್ದೇನೆ. 'ಚೆಕ್', 'ಡಿಫ್' ಹಾಕಿ ಯಾವ ಸಾಲು ಬದಲಾಗುತ್ತದೆ ಅಂತ ಮೊದಲು ಓದುತ್ತೇನೆ. ಆಮೇಲೆ ಅನ್ನ ಬೆಂದಿದೆಯೋ ಅಂತ ಒಂದು ಅಗಳು ಹಿಚುಕಿ ನೋಡುವ ಹಾಗೆ ಮನೆಯಲ್ಲಿರುವ ಮೆಷಿನ್‌ಗೆ, ಅದು ಸರಿ ಹೋದರೆ ಒಂದೊಂದೇ ಊರಿಗೆ.

ಬ್ಯಾಡಗಿಯ ಸರ್ವರ್‌ಗೆ ಭಾನುವಾರ, ಬುಧವಾರ ರಾತ್ರಿ ಕೈ ಹಚ್ಚುವುದಿಲ್ಲ. ಮಂಗಳವಾರ ಮಧ್ಯಾಹ್ನ ಗುಮಾಸ್ತರಿಗೆ ಫೋನ್ ಮಾಡಿ, ಅವರು ಅಂಗಡಿಯಲ್ಲೇ ಇದ್ದೇನೆ ಅಂದ ಮೇಲೆ ಶುರು ಮಾಡುತ್ತೇನೆ.