ಗಂಡಿಲ್ಲದೆ ಮರಿ ಮಾಡುವ ಹಲ್ಲಿ: ಮೌರ್ನಿಂಗ್ ಗೆಕ್ಕೊ ಸಾಕುವುದು ಹೇಗೆ?

ಹಿಂದೂ ಮಹಾಸಾಗರದಿಂದ ಪೆಸಿಫಿಕ್ ದ್ವೀಪಗಳವರೆಗೆ ಕರಾವಳಿಯುದ್ದಕ್ಕೂ ಸಿಗುವ ಮೌರ್ನಿಂಗ್ ಗೆಕ್ಕೊ ಬಾಲವೂ ಸೇರಿ 8ರಿಂದ 10 ಸೆಂ.ಮೀ. ಉದ್ದ. ವೈಜ್ಞಾನಿಕ ಹೆಸರು ಲೆಪಿಡೊಡಾಕ್ಟೈಲಸ್ ಲುಗುಬ್ರಿಸ್. ಇವುಗಳಲ್ಲಿ ಹೆಚ್ಚೂಕಡಿಮೆ ಎಲ್ಲವೂ ಹೆಣ್ಣು. ಗಂಡಿನ ಹಂಗಿಲ್ಲದೆ ಮೊಟ್ಟೆಯಿಟ್ಟು ತನ್ನದೇ ಪಡಿಯಚ್ಚಿನಂಥ ಮರಿಗಳನ್ನು ಪಡೆಯುತ್ತವೆ. ಹಾಗಾಗಿ ಒಂದನ್ನೇ ತಂದರೂ ಹತ್ತಕ್ಕೆ ಸಿದ್ಧರಾಗಿಯೇ ತರಬೇಕು.

ಮೊದಲು ಪೆಟ್ಟಿಗೆ. ಮೂರು–ನಾಲ್ಕು ಹಲ್ಲಿಗಳಿಗೆ 30×30×45 ಸೆಂ.ಮೀ.ನ ಎತ್ತರದ ಗಾಜಿನ ಪೆಟ್ಟಿಗೆ ಸಾಕು. ಬಾಗಿಲ ಸಂದು, ವೈರ್ ಹಾಯುವ ತೂತುಗಳಿಗೆ ಫೋಮ್ ಪಟ್ಟಿ ಅಂಟಿಸಿ. ಮೇಲ್ಗಡೆ ಸಣ್ಣ ಕಣ್ಣಿನ ಜಾಲರಿಯೇ ಇರಲಿ. ದೊಡ್ಡದು ನುಸುಳದ ಸಂದಿನಲ್ಲಿ ಮರಿ ಸಲೀಸಾಗಿ ಹೊರಬೀಳುತ್ತದೆ. ತಳಕ್ಕೆ 5 ಸೆಂ.ಮೀ. ತೆಂಗಿನ ನಾರಿನ ಪುಡಿ, ಮೇಲೆ ಮನಿಪ್ಲಾಂಟ್, ಮರದ ತೊಗಟೆ, ಬಿದಿರಿನ ತುಂಡುಗಳು.

ಹಗಲಿಗೆ 24–28 ಡಿಗ್ರಿ ಸೆಲ್ಸಿಯಸ್ ಹಿತ, ರಾತ್ರಿ ನಾಲ್ಕು ಡಿಗ್ರಿ ಇಳಿದರೂ ತೊಂದರೆಯಿಲ್ಲ. ಬೆಳಿಗ್ಗೆ ಒಮ್ಮೆ, ದೀಪ ಆರಿಸುವ ಮುಂಚೆ ಇನ್ನೊಮ್ಮೆ ನೀರು ಸಿಂಪಡಿಸಿ. ಎಲೆಯ ಮೇಲಿನ ಹನಿಗಳನ್ನೇ ಇವು ನೆಕ್ಕುವುದು. ತೇವಾಂಶ ಶೇ 60–80ರ ನಡುವೆ ಇರಲಿ. ಒಣಗಿದರೆ ಬೆರಳ ತುದಿಯಲ್ಲಿ ಹಳೆ ಚರ್ಮ ಕಳಚದೆ ಉಳಿದು ಬೆರಳೇ ಉದುರಬಹುದು. ಹಾಗೆಂದು ಸದಾ ತೊಯ್ದೇ ಇಟ್ಟರೆ ಬೂಷ್ಟು ಹಿಡಿಯುತ್ತದೆ.

ಊಟಕ್ಕೆ ಗೆಕ್ಕೊಗಳಿಗೆಂದೇ ಸಿಗುವ ಹಣ್ಣಿನ ಪುಡಿ ಆಹಾರದ ಒಂದು ಪಾಲಿಗೆ ಎರಡು ಪಾಲು ನೀರು ಕಲಸಿ ಬಾಟಲಿ ಮುಚ್ಚಳದಲ್ಲಿಡಿ. ವಾರಕ್ಕೆ ಮೂರು ಸಲ ಸಾಕು, ಮರುದಿನ ತೆಗೆದುಬಿಡಿ. ಜೊತೆಗೆ ಹಾರಲಾರದ ಹಣ್ಣುನೊಣ, ಎಳೆಯ ಜೀರುಂಡೆ (ಕ್ರಿಕೆಟ್ ಹುಳು) ಮರಿ; ಅದರ ಗಾತ್ರ ಹಲ್ಲಿಯ ಎರಡು ಕಣ್ಣುಗಳ ನಡುವಿನ ಅಂತರ ಮೀರದಿರಲಿ. ಹುಳುಗಳಿಗೆ ಕ್ಯಾಲ್ಸಿಯಂ ಪುಡಿ ಸವರುವುದನ್ನು ಮಾತ್ರ ಮರೆಯಬೇಡಿ. ಸಾಲುಸಾಲಾಗಿ ಮೊಟ್ಟೆಯಿಡುವ ಹೆಣ್ಣಿನ ಮೂಳೆ ಬೇಗ ಸವೆಯುತ್ತದೆ. ಕತ್ತಿನ ಎರಡೂ ಬದಿಯಲ್ಲಿ ಕಾಣುವ ಬಿಳಿ ಉಬ್ಬು ರೋಗವಲ್ಲ, ಕ್ಯಾಲ್ಸಿಯಂ ದಾಸ್ತಾನು. ಬಾಲ, ಬೆನ್ನು ಡೊಂಕಾದರೆ, ಕಾಲು ನಡುಗಿದರೆ ದಾಸ್ತಾನು ಬರಿದಾಗಿದೆ ಎಂದರ್ಥ. ಆಗ ಪುಡಿ ಹೆಚ್ಚಿಸುತ್ತ ಕೂರದೆ ಸರೀಸೃಪ ಬಲ್ಲ ಪಶುವೈದ್ಯರಿಗೆ ತೋರಿಸಿ.

ಕೈಯಲ್ಲಿ ಹಿಡಿದು ಆಡಿಸುವ ಪ್ರಾಣಿ ಇದಲ್ಲ. ಬಾಲ ಕಳಚಿಕೊಂಡು ಓಡುತ್ತದೆ. ಜಾಗ ಬದಲಿಸಬೇಕಾದರೆ ಪಾರದರ್ಶಕ ಲೋಟ ಕವುಚಿ, ಅಡಿಗೆ ರಟ್ಟು ತೂರಿಸಿ. ರಾತ್ರಿ ಲೊಚಗುಟ್ಟುವುದು, ಒಂದನ್ನೊಂದು ಅಟ್ಟಾಡಿಸುವುದು ಮಾಮೂಲು.

ಮೊಟ್ಟೆಗಳನ್ನು ಸಾಮಾನ್ಯವಾಗಿ ಎರಡೆರಡಾಗಿ ಗಾಜಿಗೋ ಬಿದಿರಿಗೋ ಅಂಟಿಸುತ್ತವೆ. ಕೀಳಲು ಹೋದರೆ ಚಿಪ್ಪು ಒಡೆಯುತ್ತದೆ. ಮರಿ ಬೇಕಿದ್ದರೆ, ಸೂಜಿಯಿಂದ ತೂತು ಮಾಡಿದ ಸಣ್ಣ ಪ್ಲಾಸ್ಟಿಕ್ ಲೋಟವನ್ನು ಮೊಟ್ಟೆಗಳ ಮೇಲೆ ಕವುಚಿ ಟೇಪ್ ಹಚ್ಚಿ, ಅಂಟು ಎಲ್ಲೂ ಒಳಗೆ ತೆರೆದಿರಬಾರದು. ಎರಡು–ಮೂರು ತಿಂಗಳಲ್ಲಿ ಮರಿ ಹೊರಬರುತ್ತದೆ. ಕೂಡಲೇ ಬೇರೆ ಪೆಟ್ಟಿಗೆಗೆ ಸಾಗಿಸಿ, ದೊಡ್ಡವು ಮರಿಯನ್ನೇ ತಿಂದಾವು. ಬೇಡವಾದರೆ ಇಟ್ಟ ಒಂದೆರಡು ದಿನದಲ್ಲೇ ಮೊಟ್ಟೆಯನ್ನು ತೆಗೆದು ಫ್ರೀಜರ್‌ಗೆ ಹಾಕಿ. ಹೆಚ್ಚಾದವನ್ನು ತೋಟಕ್ಕೆ ಬಿಡುವ ಯೋಚನೆಯಂತೂ ಕೂಡದು: ಹೊಸ ಜಾಗದಲ್ಲಿ ಸಂತತಿ ಬೇರೂರಲು ಒಂದೇ ಹೆಣ್ಣು ಸಾಕು.